ನೆನಪಿಗಾಗಿ ಒಂದು ಕತ್ತಿ

ನಮ್ಮ ಅಡುಗೆಮನೆಯ ಯಾವುದಾದರೂ ಸ್ಟೀಲ್ ಪಾತ್ರೆ ತಿರುಗಿಸಿ ನೋಡಿ, ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಯಾರದೋ ಹೆಸರು, ಗೃಹಪ್ರವೇಶದ ತಾರೀಕು ಕೊರೆದಿರುತ್ತೆ. ನೂರು ಚಿಲ್ಲರೆ ವರ್ಷದ ಹಿಂದೆ ಜರ್ಮನಿಯ ಸೈನ್ಯದಲ್ಲಿ ಇದೇ ಸಂಪ್ರದಾಯ ಕತ್ತಿಗಳ ಮೇಲೆ ನಡೆಯುತ್ತಿತ್ತು. ಇವತ್ತು ಹರಾಜುಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ಆ ಉಡುಗೊರೆ ಕತ್ತಿಗಳ ಬಗ್ಗೆ ಕೆಲವು ತಿಂಗಳಿಂದ ಓದುತ್ತಾ ಇದ್ದೇನೆ. ಯಾಕೆ ಅಂತ ಕೇಳಬೇಡಿ, ಕೆಲವರು ಕ್ರಿಕೆಟ್ ಸ್ಕೋರ್ ನೋಡ್ತಾರೆ, ನಾನು ಇದನ್ನ ನೋಡ್ತೀನಿ :-)

1871ರಿಂದ 1918ರವರೆಗಿನ ಕೈಸರ್ ಕಾಲದ ಜರ್ಮನಿಯಲ್ಲಿ ಅಧಿಕಾರಿಗಳು ತಮ್ಮ ಸಮವಸ್ತ್ರ, ಕತ್ತಿ ಎಲ್ಲವನ್ನೂ ಸ್ವಂತ ದುಡ್ಡಿನಲ್ಲೇ ಕೊಳ್ಳಬೇಕಿತ್ತು. ಹಾಗಾಗಿ ಜೇಬಿಗೆ ತಕ್ಕ ಕತ್ತಿ. ಉಡುಗೊರೆಯಾಗಿ ಬಂದರೆ ಇನ್ನೂ ಒಳ್ಳೆಯದು! ಬಡ್ತಿ, ವರ್ಗಾವಣೆ, ನಿವೃತ್ತಿ ಯಾವುದಾದರೂ ನೆಪವಾಗುತ್ತಿತ್ತು. ನನಗೆ ಹೆಚ್ಚು ಇಷ್ಟವಾಗುವುದು ಒಂದು ವರ್ಷದ ಸ್ವಯಂಸೇವಕರು ಕೊಟ್ಟಿದ್ದು. ಓದಿದ, ಅನುಕೂಲಸ್ಥರ ಮನೆಯ ಹುಡುಗರು ತಮ್ಮದೇ ಖರ್ಚಿನಲ್ಲಿ ಒಂದೇ ವರ್ಷ ಸೇವೆ ಮಾಡಿ ಬಿಡುಗಡೆ ಪಡೆಯಬಹುದಿತ್ತು. ಹೊರಡುವಾಗ ಎಲ್ಲರೂ ದುಡ್ಡು ಸೇರಿಸಿ, ತಮಗೆ ತರಬೇತಿ ಕೊಟ್ಟ ಅಧಿಕಾರಿಗೆ ಕತ್ತಿ ಕೊಡುತ್ತಿದ್ದರು. ಅಲಗಿನ ಮೇಲೆ ಅವರ ಹೆಸರು, ಇವರ ಹೆಸರು, ವರ್ಷ. ನಮ್ಮ ಫೇರ್‌ವೆಲ್ ಪಾರ್ಟಿಯ ಸ್ಮರಣಿಕೆ ಇದ್ದಂತೆ.

ಅಂಥ ಕತ್ತಿಯ ಹಿಡಿಯ ತುದಿಯಲ್ಲಿ ಸಾಮಾನ್ಯವಾಗಿ ಸಿಂಹದ ತಲೆ, ಕಣ್ಣಿಗೆ ಕೆಂಪು ಗಾಜು. ಹಿಡಿಗೆ ಮೀನಿನ ತೊಗಲು, ಅದರ ಮೇಲೆ ತಂತಿಯ ಸುತ್ತು. ಅಲಗಿನ ಅರ್ಧದವರೆಗೆ ಗಾಢ ನೀಲಿ, ನೀಲಿಯ ಮೇಲೆ ಚಿನ್ನದ ಬಳ್ಳಿ. ಆ ನೀಲಿ ಬಣ್ಣವಲ್ಲ. ಉಕ್ಕನ್ನು ಸುಮಾರು 300 ಡಿಗ್ರಿಗೆ ಕಾಯಿಸಿದಾಗ ಮೇಲ್ಮೈಯಲ್ಲಿ ಮೂಡುವ ತೆಳುವಾದ ಆಕ್ಸೈಡ್ ಪದರ ಅಷ್ಟೇ. ಕುಸುರಿ ಬೇಡದ ಭಾಗಕ್ಕೆ ಮೇಣದಂಥ ಲೇಪ ಹಚ್ಚಿ ಉಳಿದದ್ದನ್ನು ಆಮ್ಲ ತಿನ್ನಲು ಬಿಡುತ್ತಿದ್ದರು. ಚಿನ್ನ ಕೂರಿಸುವ ಹಳೆಯ ಪದ್ಧತಿಯಲ್ಲಿ ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬಳಿದು, ಕಾಯಿಸಿ ಪಾದರಸ ಹಾರಿಸಬೇಕು. ಹಾರಿದ್ದು ಎಲ್ಲಿಗೆ? ಕೆಲಸಗಾರನ ಶ್ವಾಸಕೋಶಕ್ಕೆ.

ಬಹುತೇಕ ಕತ್ತಿಗಳು ಹುಟ್ಟಿದ್ದು ವುಪ್ಪರ್ ನದಿ ಪಕ್ಕದ ಜೋಲಿಂಗೆನ್ ಊರಿನಲ್ಲಿ. ಅಲ್ಲಿ ಸಾಣೆ ಹಿಡಿಯುವವರ ಸಂಘಕ್ಕೆ ಹಕ್ಕುಪತ್ರ ಸಿಕ್ಕಿದ್ದೇ 1401ರಲ್ಲಿ. ಬಡಿಯುವವನು ಒಬ್ಬ, ಹದ ಹಾಕುವವನು ಇನ್ನೊಬ್ಬ, ಸಾಣೆ ಹಿಡಿಯುವವನು ಮತ್ತೊಬ್ಬ, ಹಿಡಿ ಜೋಡಿಸುವವನೇ ಬೇರೆ. ಸಾಣೆಯವರ ಕೆಲಸವೇ ಎಲ್ಲಕ್ಕಿಂತ ಕೆಟ್ಟದ್ದು. ನೀರಿನ ಚಕ್ರದಿಂದ ತಿರುಗುವ ದೊಡ್ಡ ಮರಳುಗಲ್ಲಿನ ಮುಂದೆ ದಿನವಿಡೀ ಕೂತು ಕಲ್ಲಿನ ಧೂಳು ಕುಡಿದು ಎದೆರೋಗದಿಂದ ಬೇಗ ಸಾಯುತ್ತಿದ್ದರು. ಕಲ್ಲು ಒಮ್ಮೊಮ್ಮೆ ಸಿಡಿದೂ ಪ್ರಾಣ ತೆಗೆಯುತ್ತಿತ್ತು. ಅಲಗಿನ ಮೇಲೆ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಕಂಪೆನಿಯ ಮುದ್ರೆ ಇದೆ. ಸಾಣೆಯವನದ್ದು ಇಲ್ಲ.

ಇನ್ನು ಅತಿ ದುಬಾರಿ ಕತ್ತಿಗಳ ಮೇಲೆ 'ಎಖ್ಟ್ ಡಮಾಸ್ಟ್', ಅಂದರೆ ಅಪ್ಪಟ ಡಮಾಸ್ಕಸ್, ಅಂತ ಬರೆದಿರುತ್ತೆ. ಡಮಾಸ್ಕಸ್ ಅಂದ ಕೂಡಲೇ ನಮ್ಮವರ ಕಿವಿ ನೆಟ್ಟಗಾಗುತ್ತೆ: "ಅದು ನಮ್ಮ ಉಕ್ಕು!" ಅರ್ಧ ನಿಜ. ಇಂಗ್ಲಿಷಿನ 'ವೂಟ್ಜ್' ಪದ ಕನ್ನಡದ ಉಕ್ಕಿನಿಂದ ಬಂದದ್ದು ಅನ್ನುವುದು ಹೆಚ್ಚು ಜನ ಒಪ್ಪುವ ಮಾತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಚನ್ನಪಟ್ಟಣದ ವಾದ್ಯದ ತಂತಿಗಳ ಬಗ್ಗೆಯೂ ಬರೆದಿದ್ದಾನೆ. ಆದರೆ ಜೋಲಿಂಗೆನ್ನಿನ ಡಮಾಸ್ಕಸ್ ಬೇರೆಯದೇ ಜಾತಿ. ನಮ್ಮ ಉಕ್ಕು ಕಲ್ಲುಸಕ್ಕರೆ ಥರ: ಕರಗಿದ್ದು ನಿಧಾನವಾಗಿ ತಣಿಯುವಾಗ ಒಳಗೇ ಹರಳು ಕಟ್ಟಿ, ಬಡಿದ ಮೇಲೆ ನೀರಿನ ಅಲೆಯಂಥ ಗೆರೆ ಮೂಡಿಸುತ್ತೆ. ಅವರದ್ದು ಚಿರೋಟಿ: ಎರಡು ಬಗೆಯ ಕಬ್ಬಿಣದ ಪಟ್ಟಿ ಜೋಡಿಸಿ, ಕಾಯಿಸಿ, ಬಡಿದು, ಮಡಚಿ ತೆಗೆದ ಪದರ. ಎರಡೂ ಸುಂದರ. ಜರ್ಮನ್ ಕತ್ತಿಯ ಕೀರ್ತಿಯನ್ನು ನಮ್ಮ ಖಾತೆಗೆ ಹಾಕಿಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ, ನಮ್ಮದಕ್ಕೆ ಅದರದೇ ಹೆಸರಿದೆ.

1914ರ ಆಗಸ್ಟಿನಲ್ಲಿ ಜರ್ಮನ್ ಅಧಿಕಾರಿಗಳು ಕತ್ತಿ ಕಟ್ಟಿಕೊಂಡೇ ಯುದ್ಧಕ್ಕೆ ಹೊರಟರು. ಹೊಳೆಯುವ ಕತ್ತಿ ಹಿಡಿದವನೇ ಅಧಿಕಾರಿ ಅಂತ ಎದುರಿನ ಬಂದೂಕಿನವನಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಕಂದಕಗಳ ಕಾಲ ಬಂದ ಮೇಲೆ ಅದು ಪೆಟ್ಟಿಗೆ ಸೇರಿತು. ಆಮೇಲೆ 1919ರ ವರ್ಸೈ ಒಪ್ಪಂದ ಜರ್ಮನ್ ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಿತು, ಅದರಲ್ಲಿ ಅಧಿಕಾರಿಗಳು 4000 ಮಾತ್ರ. ಕತ್ತಿ ಕೊಳ್ಳುವವರೇ ಇಲ್ಲ.

1933ರ ನಂತರ ನಾಜಿಗಳಿಂದ ಮತ್ತೆ ಆರ್ಡರ್‌ಗಳು ಬಂದವು. ಹಿಮ್ಲರ್ ತನ್ನ ಎಸ್‌ಎಸ್ ಜನರಲ್‌ಗಳಿಗೆ ಹುಟ್ಟುಹಬ್ಬಕ್ಕೆ ಡಮಾಸ್ಕಸ್ ಅಲಗಿನ ಕತ್ತಿ ಕೊಡುತ್ತಿದ್ದ. ಅಂಥ ಅಲಗು ಬಡಿದವನು ಪೌಲ್ ಮ್ಯುಲರ್ ಅನ್ನುವ ಕುಶಲ ಕಮ್ಮಾರ. ಅವನ ಕುಲುಮೆ ಇದ್ದದ್ದು ಡಾಹೌನಲ್ಲಿ, ಅದೇ ಬಂದಿಶಿಬಿರದ ಊರಿನಲ್ಲಿ. ಕುಸುರಿ ನೋಡಿದರೆ ಅದ್ಭುತ ಅನಿಸುತ್ತೆ. ಯಾರು ಯಾರಿಗೆ ಕೊಟ್ಟರು ಅಂತ ಓದಿದ ಮೇಲೆ ನನಗೆ ಅದನ್ನು ಮನೆಯ ಗೋಡೆಗೆ ಹಾಕುವ ಮನಸ್ಸು ಬರುವುದಿಲ್ಲ. ಸಂಗ್ರಾಹಕರಲ್ಲಿ ಇದರ ಬಗ್ಗೆ ಜಗಳ ಇದ್ದೇ ಇದೆ. "ಇತಿಹಾಸ ಅಷ್ಟೇ" ಅನ್ನುವವರು ಬೇಕಾದಷ್ಟಿದ್ದಾರೆ. ಇತಿಹಾಸವೇ ಆದರೆ ಕತ್ತಿಯ ಜೊತೆ ಡಾಹೌ ಹೆಸರನ್ನೂ ಹೇಳಲಿ ಅನ್ನುವುದು ನನ್ನ ವಾದ.

ಇನ್ನೊಂದು ತಲೆನೋವು ನಕಲಿಗಳದ್ದು. ಎರಡನೇ ಯುದ್ಧ ಮುಗಿದ ಮೇಲೆ ಜೋಲಿಂಗೆನ್ ಕಾರ್ಖಾನೆಗಳಲ್ಲಿ ಉಳಿದಿದ್ದ ಬಿಡಿಭಾಗ ಜೋಡಿಸಿ 'ಅಸಲಿ' ಅಂತ ಮಾರಿದ್ದು ಈ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹಳೆಯ ಖಾಲಿ ಅಲಗಿಗೆ ಈಚೆಗೆ ಹೆಸರು ಕೊರೆದರೂ ಬೆಲೆ ಏರುತ್ತೆ. ಅದನ್ನು ಹಿಡಿಯುವ ದಾರಿ ನನ್ನಂಥ ಡೇಟಾಬೇಸ್ ಮನುಷ್ಯನಿಗೆ ಖುಷಿ ಕೊಡುವಂಥದ್ದು. ಪ್ರಷ್ಯನ್ ಸೈನ್ಯ ತನ್ನ ಅಧಿಕಾರಿಗಳ ಪಟ್ಟಿಯನ್ನು, ರೆಜಿಮೆಂಟ್ ಮತ್ತು ದರ್ಜೆ ಸಮೇತ, ಪುಸ್ತಕವಾಗಿ ಅಚ್ಚು ಹಾಕುತ್ತಿತ್ತು. ಕತ್ತಿಯ ಮೇಲಿನ ಹೆಸರು, ರೆಜಿಮೆಂಟ್, ವರ್ಷ ಮೂರೂ ಆ ಪುಸ್ತಕದ ಒಂದೇ ಸಾಲಿನಲ್ಲಿ ಕೂಡಿ ಬರಬೇಕು. ಮೊದಲ ಯುದ್ಧದ ಸಾವುನೋವಿನ ಪಟ್ಟಿಗಳನ್ನೂ ವಂಶಾವಳಿ ಆಸಕ್ತ ಸ್ವಯಂಸೇವಕರು ಟೈಪ್ ಮಾಡಿ ಅಂತರ್ಜಾಲಕ್ಕೆ ಏರಿಸಿದ್ದಾರೆ. ದುಡ್ಡು ಸೇರಿಸಿ ಕತ್ತಿ ಕೊಟ್ಟ ಹುಡುಗರ ಹೆಸರನ್ನು ಅಲ್ಲಿ ಒಂದೊಂದಾಗಿ ಹುಡುಕಬಹುದು. ಹುಡುಕುವ ಮೊದಲು ಸ್ವಲ್ಪ ಧೈರ್ಯ ತಂದುಕೊಳ್ಳಿ.

ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಸಿಕ್ಕರೆ ಒಂದೇ ಕೋರಿಕೆ: ಹುಣಸೆಹಣ್ಣು, ಬೂದಿ, ಪಾಲಿಶ್ ಏನೂ ಹಚ್ಚಿ ಉಜ್ಜಬೇಡಿ. ತೆಳ್ಳಗೆ ಎಣ್ಣೆ ಸವರಿ, ಒಣಗಿದ ಜಾಗದಲ್ಲಿ ಇಡಿ. ಚರ್ಮದ ಒರೆಯೊಳಗೆ ತೇವ ಸೇರಿಕೊಳ್ಳುತ್ತೆ, ಅದರಲ್ಲಿ ಬಿಡಬೇಡಿ. ಆ ನೀಲಿ ಒಮ್ಮೆ ಹೋದರೆ ಹೋಯಿತು.