ಕಾರುಣ್ಯಕ್ಕೂ ಒಂದು ಲೆಕ್ಕಪುಸ್ತಕ: 15ನೆಯ ಶತಮಾನದ ಇಟಲಿಯಲ್ಲಿ ಬಡವರ ಸಾಲನಿಧಿಗಳು

ಸಾಲ ಕೊಟ್ಟವನು ಒತ್ತೆಯನ್ನು ಪಡೆಯಲು ಸಾಲಗಾರನ ಮನೆಯೊಳಗೆ ಕಾಲಿಡಬಾರದು, ಹೊರಗೇ ನಿಂತಿರಬೇಕು. ಆ ಸಾಲಗಾರ ಬಡವನಾಗಿದ್ದು ಒತ್ತೆಯಿಟ್ಟದ್ದು ಹೊದಿಕೆಯಾಗಿದ್ದರೆ ಸೂರ್ಯ ಮುಳುಗುವ ವೇಳೆಗೆ ಅದನ್ನು ಹಿಂದಿರುಗಿಸಬೇಕು ಎಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಈ ವಿಧಿ ಸಾಲವನ್ನಾಗಲಿ ಒತ್ತೆಯನ್ನಾಗಲಿ ನಿಷೇಧಿಸುವುದಿಲ್ಲ. ಬಡವನ ಹೊಸ್ತಿಲನ್ನೂ ಅವನ ಇರುಳಿನ ನಿದ್ರೆಯನ್ನೂ ಅದು ಕಾಯುತ್ತದೆ. ವ್ಯವಹಾರ ನಡೆಯಲಿ, ಆದರೆ ಅದಕ್ಕೊಂದು ಹೊಸ್ತಿಲಿರಲಿ ಎಂಬುದು ಅದರ ತಾತ್ಪರ್ಯ.

ಧರ್ಮಸಭೆಯ ಇತಿಹಾಸವನ್ನು ಬೋಧಿಸುವಾಗ ಪ್ರತಿವರ್ಷವೂ ನಾನು ಒಂದೇ ವಾಗ್ವಾದವನ್ನು ಕೇಳುತ್ತೇನೆ. ಮನುಷ್ಯರ ಹೃದಯ ಪರಿವರ್ತನೆಯಾದರೆ ಬಡತನ ತಾನಾಗಿಯೇ ನೀಗುತ್ತದೆ ಎಂಬುದು ಕೆಲವು ಗುರು ಅಭ್ಯರ್ಥಿಗಳ ವಾದ. ಹೃದಯವನ್ನು ನೆಚ್ಚಿ ಕುಳಿತರೆ ಹೊಟ್ಟೆ ತುಂಬದು, ಮಾರುಕಟ್ಟೆಯ ಬಾಗಿಲು ಬಡವನಿಗೆ ತೆರೆಯಬೇಕು ಎಂಬುದು ಉಳಿದವರ ವಾದ. ಈ ಎರಡು ವಾದಗಳೂ ಮುಖಾಮುಖಿಯಾದ ಒಂದು ಸಂಸ್ಥೆ ನಮ್ಮ ಪರಂಪರೆಯಲ್ಲಿಯೇ ಇದೆ. ಇಟಲಿಯಲ್ಲಿ ಅದನ್ನು 'ಮೋಂತೆ ದಿ ಪಿಯೆತಾ' ಎಂದು ಕರೆದರು. ಮೋಂತೆ ಎಂದರೆ ರಾಶಿ, ಕೂಡಿಟ್ಟ ನಿಧಿ. ಕಾರುಣ್ಯನಿಧಿ ಎಂದು ನಾವು ಅನುವಾದಿಸಿಕೊಳ್ಳಬಹುದು. ಅದರ ಕಥೆಯಲ್ಲಿ ಹೆಮ್ಮೆಪಡುವುದೂ ಉಂಟು, ತಲೆತಗ್ಗಿಸುವುದೂ ಉಂಟು.

ನಿಷೇಧವೂ ಅಗತ್ಯವೂ

ಪ್ರತಿಫಲವನ್ನು ಎದುರುನೋಡದೆ ಸಾಲ ಕೊಡಬೇಕೆಂಬ ಕ್ರಿಸ್ತನ ಬೋಧನೆ (ಲೂಕ 6:35) ಮಧ್ಯಯುಗದ ಧರ್ಮಸಭೆಯಲ್ಲಿ ಕಾನೂನಿನ ರೂಪ ತಾಳಿತು. 1139ರ ಎರಡನೆಯ ಲ್ಯಾಟರನ್ ಮಹಾಸಭೆ ಬಡ್ಡಿಕೋರರನ್ನು ಖಂಡಿಸಿತು. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಅವರಿಗೆ ಪರಮಪ್ರಸಾದವನ್ನೂ ಕ್ರೈಸ್ತ ಸಮಾಧಿಯನ್ನೂ ನಿರಾಕರಿಸಿತು. ಅಂದಿನ ಗ್ರಾಮೀಣ ಬದುಕಿನಲ್ಲಿ ಈ ನಿಷೇಧಕ್ಕೆ ಗಟ್ಟಿಯಾದ ಕಾರಣವಿತ್ತು. ಜನ ಸಾಲ ಮಾಡುತ್ತಿದ್ದುದು ಬಹುಪಾಲು ಹಸಿವಿಗಾಗಿ, ವ್ಯಾಪಾರಕ್ಕಾಗಿ ಅಲ್ಲ. ಬರಗಾಲದಲ್ಲಿ ಒಂದು ಚೀಲ ಧಾನ್ಯ ಪಡೆದವನಿಂದ ಒಂದೂವರೆ ಚೀಲ ವಸೂಲು ಮಾಡುವುದು ಅವನ ಸಂಕಟವನ್ನೇ ಮಾರಾಟಕ್ಕಿಟ್ಟಂತೆ.

ಆದರೆ ನಿಷೇಧದಿಂದ ಸಾಲದ ಅಗತ್ಯ ಕಡಿಮೆಯಾಗಲಿಲ್ಲ. ನಗರಗಳು ಬೆಳೆದಂತೆ ಕೂಲಿಯನ್ನೇ ನಂಬಿದ ಕುಶಲಕರ್ಮಿಗಳು ಹೆಚ್ಚಿದರು. ಕೆಲಸವಿಲ್ಲದ ತಿಂಗಳುಗಳಲ್ಲಿ ಅವರು ಬಟ್ಟೆಯನ್ನೋ ಉಪಕರಣವನ್ನೋ ಅಡವಿಡಬೇಕಿತ್ತು. ಇಟಲಿಯ ಅನೇಕ ನಗರಗಳು ಯೆಹೂದ್ಯ ಲೇವಾದೇವಿಗಾರರೊಡನೆ ಒಪ್ಪಂದ ಮಾಡಿಕೊಂಡು ಅವರಿಗೆ ಈ ವ್ಯವಹಾರದ ಪರವಾನಗಿ ನೀಡಿದವು. ಬಡ್ಡಿ ವರ್ಷಕ್ಕೆ ಶೇಕಡಾ 20ನ್ನು ಮುಟ್ಟುವುದೂ ಮೀರುವುದೂ ಸಾಮಾನ್ಯವಾಗಿತ್ತು. ಈ ದರದ ಹಿಂದೆ ಇದ್ದುದು ಲೋಭವೊಂದೇ ಅಲ್ಲ. ಕಸುಬುದಾರರ ಸಂಘಗಳ ಬಾಗಿಲು ಯೆಹೂದ್ಯರಿಗೆ ಮುಚ್ಚಿತ್ತು. ಜಮೀನು ಹೊಂದಲು ಅಡ್ಡಿಯಿತ್ತು. ಪರವಾನಗಿಗಾಗಿ ನಗರಕ್ಕೆ ತೆರಿಗೆ ಸಲ್ಲಬೇಕಿತ್ತು. ಗಡೀಪಾರಿನ ಭಯ ಎಂದೂ ತಪ್ಪಿದ್ದಲ್ಲ. ಕ್ರೈಸ್ತ ಸಮಾಜ ತಾನು ವಿಧಿಸಿದ ಹೊರೆಯನ್ನೇ ಬಡವರ ಬಡ್ಡಿಯ ರೂಪದಲ್ಲಿ ಮರಳಿ ಪಡೆಯುತ್ತಿತ್ತು. ಕ್ರೈಸ್ತ ವರ್ತಕರೂ ಬಡ್ಡಿಯಿಂದ ದೂರವಿರಲಿಲ್ಲ. ಅವರು ಅದನ್ನು ಬೇರೆ ಬೇರೆ ಒಪ್ಪಂದಗಳ ಹೆಸರಿನಲ್ಲಿ ಮರೆಮಾಚುತ್ತಿದ್ದರು.

ಸದಿಚ್ಛೆಯೊಂದೇ ಸಾಲದಾದಾಗ

ಈ ಸಂಕಟಕ್ಕೆ ಶುದ್ಧ ಔದಾರ್ಯದಿಂದ ಪರಿಹಾರ ಹುಡುಕಿದವರು ಲಂಡನ್ನಿನ ಧರ್ಮಾಧ್ಯಕ್ಷ ಮೈಕೆಲ್ ನಾರ್ತ್‌ಬರ್ಗ್. 1361ರಲ್ಲಿ ತೀರಿಕೊಂಡ ಅವರು ಒತ್ತೆಯ ಮೇಲೆ ಬಡ್ಡಿಯಿಲ್ಲದೆ ಸಾಲ ಕೊಡಲೆಂದು 1000 ಮಾರ್ಕ್ ಬೆಳ್ಳಿಯನ್ನು ಉಯಿಲಿನಲ್ಲಿ ಬಿಟ್ಟುಹೋದರು. ನಿರ್ವಹಣೆಯ ಖರ್ಚನ್ನು ಮೂಲಧನದಿಂದಲೇ ಭರಿಸಬೇಕಿತ್ತು. ವರ್ಷದೊಳಗೆ ಬಿಡಿಸಿಕೊಳ್ಳದ ಒತ್ತೆ 14 ದಿನಗಳಲ್ಲಿ ಮಾರಾಟವಾಗುವುದೆಂದು ಸಂತ ಪೌಲರ ಶಿಲುಬೆಯ ಬಳಿ ಪ್ರಬೋಧಕರು ಸಾರಬೇಕೆಂಬ ನಿಯಮವೂ ಇತ್ತು. ಸದಿಚ್ಛೆಗೂ ಏರ್ಪಾಡಿಗೂ ಕೊರತೆಯಿರಲಿಲ್ಲ. ಆದರೂ ಖರ್ಚು ಮೂಲಧನವನ್ನೇ ಕರಗಿಸಿತು, ಪೆಟ್ಟಿಗೆ ಬರಿದಾಯಿತು.

ಈ ಪ್ರಸಂಗವನ್ನು ಓದುವಾಗ ನನಗೆ ನನ್ನದೇ ಸೋಲು ನೆನಪಾಗುತ್ತದೆ. ದೀಕ್ಷೆಯಾದ ಹೊಸತರಲ್ಲಿ ಗ್ರಾಮೀಣ ಧರ್ಮಕೇಂದ್ರವೊಂದರಲ್ಲಿ ಕಾಣಿಕೆಯ ಹಣದಿಂದ ಬಡ್ಡಿಯಿಲ್ಲದ ಸಾಲನಿಧಿಯೊಂದನ್ನು ಆರಂಭಿಸಿದ್ದೆ. ಲೆಕ್ಕ ಬರೆಯುವವರಿಗೆ ಸಂಬಳ ಕೊಡುವುದು ಸೇವೆಗೆ ಕುಂದು ಎಂದು ಭಾವಿಸಿದ್ದೆ. ಮರುಪಾವತಿ ಕೇಳಲು ಸಂಕೋಚಪಟ್ಟೆ. ಮೂರನೆಯ ವರ್ಷದಲ್ಲಿ ನಿಧಿ ಬರಿದಾದಾಗ ಬಾಗಿಲಿಗೆ ಬಂದ ವಿಧವೆಯೊಬ್ಬರನ್ನು ಬರಿಗೈಯಲ್ಲಿ ಕಳಿಸಬೇಕಾಯಿತು. ಮೊದಲು ಬಂದವರಿಗೆ ನಾನು ತೋರಿದ ಧಾರಾಳತನದ ಬೆಲೆಯನ್ನು ಕೊನೆಗೆ ಬಂದ ಆಕೆ ತೆತ್ತರು.

ಹಣ ಮುಟ್ಟದವರು ಕಟ್ಟಿದ ಸಾಲನಿಧಿ

1462ರಲ್ಲಿ ಇಟಲಿಯ ಪೆರೂಜಿಯಾ ನಗರದಲ್ಲಿ ಫ್ರಾನ್ಸಿಸ್ಕನ್ ಸಹೋದರರ ಪ್ರೇರಣೆಯಿಂದ ಕಾರುಣ್ಯನಿಧಿ ಸ್ಥಾಪನೆಯಾಯಿತು. ಮಿಕೇಲೆ ಕರ್ಕಾನೋ ಅವರ ಪ್ರಬೋಧನೆಗಳು ಅದಕ್ಕೆ ನೆಲ ಹದಮಾಡಿದ್ದವು. ಮರುವರ್ಷ ಓರ್ವಿಯೆತೋ ನಗರವೂ ಅದೇ ಹಾದಿ ಹಿಡಿಯಿತು. ನಾಣ್ಯವನ್ನು ಸ್ವೀಕರಿಸಬಾರದೆಂಬ ಸಂತ ಫ್ರಾನ್ಸಿಸರ ನಿಯಮಕ್ಕೆ ಬದ್ಧರಾದವರೇ ಸಾಲದ ನಿಧಿಯನ್ನು ಕಟ್ಟಿದರೆಂಬುದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಸ್ವಂತಕ್ಕೆ ಏನೂ ಬೇಡವೆಂದವರಿಗೆ ಹಣದ ನಡೆಯನ್ನು ನಿರ್ಲಿಪ್ತವಾಗಿ ನೋಡುವ ಅವಕಾಶವಿತ್ತು. ವ್ಯಾಪಾರದಲ್ಲಿ ತೊಡಗಿಸಲು ಉದ್ದೇಶಿಸಿದ ಬಂಡವಾಳಕ್ಕೆ ಬೀಜದಂತಹ ಗುಣವಿದೆ ಎಂದು 1298ರಲ್ಲಿ ನಿಧನರಾದ ಪೀಟರ್ ಜಾನ್ ಒಲಿವಿ ವಿವೇಚಿಸಿದ್ದರು. ಅವರೂ ಫ್ರಾನ್ಸಿಸ್ಕನ್ನರೇ.

ನಿಧಿಯ ಕಾರ್ಯವಿಧಾನ ಸರಳವಾಗಿತ್ತು. ಮೆರವಣಿಗೆ, ಕಾಣಿಕೆ, ದತ್ತಿಗಳಿಂದ ಮೂಲಧನ ಸಂಗ್ರಹವಾಗುತ್ತಿತ್ತು. ಊರಿನ ಬಡವರು ಒತ್ತೆಯಿಟ್ಟು, ಅದರ ಬೆಲೆಗಿಂತ ಕಡಿಮೆ ಮೊತ್ತದ ಸಣ್ಣ ಸಾಲ ಪಡೆಯುತ್ತಿದ್ದರು. ಗಡುವಿನೊಳಗೆ ಬಿಡಿಸಿಕೊಳ್ಳದ ಒತ್ತೆಯನ್ನು ಹರಾಜು ಹಾಕಿ, ಬಾಕಿ ಕಳೆದು ಉಳಿದ ಹಣವನ್ನು ಒಡೆಯನಿಗೇ ಕೊಡುತ್ತಿದ್ದರು. ಗುಮಾಸ್ತರ ಸಂಬಳ, ಉಗ್ರಾಣದ ಬಾಡಿಗೆಗಳಿಗಾಗಿ ಸಾಲಗಾರರಿಂದ ಅಲ್ಪ ಶುಲ್ಕ ಪಡೆಯುವ ಪದ್ಧತಿ ಬೆಳೆಯಿತು. ಹಲವು ಕಡೆ ಅದು ವರ್ಷಕ್ಕೆ ಶೇಕಡಾ 5ರ ಆಸುಪಾಸಿನಲ್ಲಿತ್ತು. ಈ ಶುಲ್ಕವನ್ನು ದೃಢವಾಗಿ ಸಮರ್ಥಿಸಿದವರು ಪುನೀತ ಬರ್ನಾರ್ದಿನೋ ದ ಫೆಲ್ತ್ರೆ. ಊರೂರು ಸುತ್ತಿ ನಿಧಿಗಳನ್ನು ಸ್ಥಾಪಿಸಿದ ಅವರು 1494ರಲ್ಲಿ ನಿಧನರಾದರು. ಶುಲ್ಕವಿಲ್ಲದ ನಿಧಿ ಬಹುಕಾಲ ಬಾಳದು, ಬಾಳದ ನಿಧಿ ನಾಳಿನ ಬಡವನಿಗೆ ಒದಗದು ಎಂಬುದು ಅವರ ನಿಲುವಿನ ಸಾರ.

ಮಹಾಸಭೆಯ ತೀರ್ಪು

ವಿರೋಧ ಧರ್ಮಸಭೆಯ ಒಳಗಿನಿಂದಲೇ ಬಂತು. ಆಗಸ್ಟೀನಿಯನ್ ಸಭೆಯ ನಿಕೊಲೋ ಬರಿಯಾನಿ 1496ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ಇವನ್ನು 'ಅಧರ್ಮದ ರಾಶಿ' ಎಂದು ಹಳಿದರು. ಮುಂದೆ ಕಾರ್ಡಿನಲ್ ಆದ ಡೊಮಿನಿಕನ್ ಪಂಡಿತ ಕಾಯೆತಾನ್ 1498ರಲ್ಲಿ ಇವುಗಳ ವಿರುದ್ಧ ಬರೆದರು. ಅಸಲಿಗಿಂತ ಹೆಚ್ಚಾಗಿ ಪಡೆದದ್ದು ಯಾವ ಹೆಸರಿನಲ್ಲಾದರೂ ಬಡ್ಡಿಯೇ, ಒಳ್ಳೆಯ ಉದ್ದೇಶ ಪಾಪವನ್ನು ಪುಣ್ಯವಾಗಿಸದು ಎಂಬುದು ವಿರೋಧಿಗಳ ವಾದದ ತಿರುಳು. ಇದನ್ನು ಹಟವೆಂದು ತಳ್ಳಿಹಾಕಬಾರದು. ಬಡವನಿಗೆ ನೀಡುವ ನೆರವಿನ ಖರ್ಚನ್ನು ಬಡವನೇ ಏಕೆ ಹೊರಬೇಕು ಎಂಬ ನ್ಯಾಯವಾದ ಪ್ರಶ್ನೆ ಅದರೊಳಗಿದೆ.

1515ರ ಮೇ 4ರಂದು ಐದನೆಯ ಲ್ಯಾಟರನ್ ಮಹಾಸಭೆಯಲ್ಲಿ ವಿಶ್ವಗುರು ಹತ್ತನೆಯ ಲಿಯೊ ಈ ವಿವಾದಕ್ಕೆ ತೆರೆಯೆಳೆದರು. ತಾನಾಗಿ ಫಲ ಕೊಡದ ವಸ್ತುವಿನ ಬಳಕೆಯಿಂದ ಶ್ರಮವಾಗಲಿ, ವೆಚ್ಚವಾಗಲಿ, ಅಪಾಯವಾಗಲಿ ಇಲ್ಲದೆ ಲಾಭ ಗಳಿಸುವುದೇ ನಿಷಿದ್ಧ ಬಡ್ಡಿ. ನಿರ್ವಹಣೆಯ ವೆಚ್ಚಕ್ಕಷ್ಟೇ ಸೀಮಿತವಾಗಿ, ಲಾಭದ ಆಸೆಯಿಲ್ಲದೆ ಪಡೆಯುವ ಮಿತವಾದ ಶುಲ್ಕ ಬಡ್ಡಿಯಲ್ಲ ಎಂಬ ವಿವೇಚನೆ ಅಲ್ಲಿದೆ. ಅದೇ ತೀರ್ಪಿನಲ್ಲಿ ಮತ್ತೊಂದು ಮಾತೂ ಇದೆ: ದಾನಿಗಳು ಖರ್ಚನ್ನು ಭರಿಸಿ, ಬಡವರಿಂದ ಏನನ್ನೂ ಪಡೆಯದ ನಿಧಿ ಇನ್ನೂ ಉತ್ತಮ, ಇನ್ನೂ ಪವಿತ್ರ. ಮಹಾಸಭೆ ವೆಚ್ಚವನ್ನು ಮುಚ್ಚಿಡಲಿಲ್ಲ. ವೆಚ್ಚದ ನೆಪದಲ್ಲಿ ಆದರ್ಶವನ್ನು ಕೈಬಿಡಲೂ ಇಲ್ಲ.

ಲೆಕ್ಕದಲ್ಲಿ ಕಾಣದ ನಷ್ಟ

ಇಲ್ಲಿಗೇ ನಿಲ್ಲಿಸಿದರೆ ಅರ್ಧಸತ್ಯವಾದೀತು. ಅಂದಿನ ಅನೇಕ ಪ್ರಬೋಧನೆಗಳಲ್ಲಿ ನಿಧಿಯನ್ನು ಕಟ್ಟುವುದೂ ಯೆಹೂದ್ಯರನ್ನು ಹೊರಗಟ್ಟುವುದೂ ಒಂದೇ ಕರೆಯಾಗಿದ್ದವು. 1475ರ ತಪಸ್ಸುಕಾಲದಲ್ಲಿ ಬರ್ನಾರ್ದಿನೋ ತ್ರೆಂತೋ ನಗರದಲ್ಲಿ ಯೆಹೂದ್ಯರ ವಿರುದ್ಧ ಉಗ್ರವಾಗಿ ಬೋಧಿಸಿದರು. ಪಾಸ್ಖದ ವೇಳೆಗೆ ಸಿಮೋನ್ ಎಂಬ ಮಗುವಿನ ಶವ ದೊರೆಯಿತು. ಯೆಹೂದ್ಯರು ರಕ್ತಕ್ಕಾಗಿ ಕೊಂದರೆಂಬ ಸುಳ್ಳು ಹಬ್ಬಿತು. ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆ ಪಡೆದು ಹಲವರನ್ನು ಕೊಂದರು. ಆ ಮಗುವಿನ ಹೆಸರಿನಲ್ಲಿ ಬೆಳೆದ ಆರಾಧನೆಯನ್ನು ಧರ್ಮಸಭೆ ರದ್ದುಪಡಿಸಿದ್ದು 1965ರಲ್ಲಿ. ಯೆಹೂದ್ಯ ದ್ವೇಷವನ್ನು ಖಂಡಿಸಿದ 'ನೊಸ್ತ್ರಾ ಎತಾತೆ' ಹೊರಬಂದದ್ದೂ ಅದೇ ವರ್ಷ.

ಒಬ್ಬನೇ ವ್ಯಕ್ತಿ ಬಡವನನ್ನು ಪ್ರೀತಿಸಬಲ್ಲ, ಪರಕೀಯನನ್ನು ದ್ವೇಷಿಸಲೂ ಬಲ್ಲ. ವೈಯಕ್ತಿಕ ಮೌಲ್ಯವೇ ಬಡತನಕ್ಕೆ ಮದ್ದು ಎನ್ನುವವರು ಈ ಪುಟವನ್ನು ಮಗುಚಿ ಮುಂದೆ ಹೋಗಲಾಗದು. ದ್ವೇಷ ಮಾರುಕಟ್ಟೆಯನ್ನು ಅರಿತಿರಲಿಲ್ಲವೆಂಬುದಕ್ಕೂ ಸಾಕ್ಷಿಯಿದೆ: ಅನೇಕ ನಗರಗಳಲ್ಲಿ ನಿಧಿಯ ಹಣ ಬೇಡಿಕೆಗೆ ಸಾಲದೆ, ಯೆಹೂದ್ಯ ಲೇವಾದೇವಿಗಾರರೂ ಕಾರುಣ್ಯನಿಧಿಗಳೂ ದಶಕಗಳ ಕಾಲ ಒಟ್ಟೊಟ್ಟಿಗೆ ನಡೆದರು.

ರಾಶಿ ಬೆಳೆದಂತೆ

ಎರಡನೆಯ ಕೊರತೆ ನಿಧಿಯ ರಚನೆಯಲ್ಲಿಯೇ ಇತ್ತು. ಒತ್ತೆಯಿಡಲು ಏನಾದರೊಂದು ವಸ್ತು ಇದ್ದವನಿಗೆ ಮಾತ್ರ ಅದರ ಬಾಗಿಲು ತೆರೆಯುತ್ತಿತ್ತು. ಏನೂ ಇಲ್ಲದವನಿಗೆ ಭಿಕ್ಷೆಯೇ ಗತಿಯಾಗಿತ್ತು. ಮಧ್ಯ ಇಟಲಿಯಲ್ಲಿ ಹುಟ್ಟಿಕೊಂಡ ಧಾನ್ಯನಿಧಿಗಳು ಈ ಕೊರತೆಯನ್ನು ತುಸು ನೀಗಿಸಿದವು: ಬಿತ್ತನೆಯ ಕಾಲಕ್ಕೆ ಕಾಳು ಕೊಟ್ಟು ಸುಗ್ಗಿಯಲ್ಲಿ ಕೊಂಚ ಹೆಚ್ಚಿಗೆ ಅಳೆದುಕೊಳ್ಳುತ್ತಿದ್ದವು. ಮೂರನೆಯದು ಯಶಸ್ಸಿನಿಂದಲೇ ಬಂದ ಅಪಾಯ. ಫ್ಲಾರೆನ್ಸಿನಲ್ಲಿ 1490ರ ದಶಕದಲ್ಲಿ ಸವೊನರೋಲಾನ ಬೆಂಬಲದಿಂದ ನೆಲೆಗೊಂಡ ನಿಧಿ ಮುಂದೆ ಮೆದಿಚಿ ದೊರೆ ಒಂದನೆಯ ಕೋಸಿಮೋನ ಕಾಲದಲ್ಲಿ ಆತನಿಗೂ ಆತನ ಆಪ್ತರಿಗೂ ದೊಡ್ಡ ಸಾಲಗಳನ್ನು ಒದಗಿಸುವ ಭಂಡಾರವಾಯಿತು. 1472ರಲ್ಲಿ ಸಿಯೆನಾದಲ್ಲಿ ಹುಟ್ಟಿದ ನಿಧಿಯ ಪರಂಪರೆ ಇಂದಿನ ಮೋಂತೆ ದೇಯಿ ಪಾಸ್ಕಿ ಬ್ಯಾಂಕಿನವರೆಗೆ ಹರಿದುಬಂದಿದೆ. 2017ರಲ್ಲಿ ಆ ಬ್ಯಾಂಕನ್ನು ಉಳಿಸಲು ಇಟಲಿ ಸರ್ಕಾರವೇ ಬಂಡವಾಳ ಹಾಕಬೇಕಾಯಿತು. 1562ರಲ್ಲಿ ತ್ರೆಂತೋ ಮಹಾಸಭೆ ಕಾರುಣ್ಯನಿಧಿಗಳನ್ನೂ ಧರ್ಮಾಧ್ಯಕ್ಷರು ಸಂದರ್ಶಿಸಬೇಕಾದ ಸಂಸ್ಥೆಗಳ ಪಟ್ಟಿಗೆ ಸೇರಿಸಿದ್ದರ ಔಚಿತ್ಯ ಇಲ್ಲಿ ಅರ್ಥವಾಗುತ್ತದೆ. ಯಾರೂ ಲೆಕ್ಕ ಕೇಳದ ಕಾರುಣ್ಯ ತಾನು ಹುಟ್ಟಿದ ಕಾರಣವನ್ನೇ ಮರೆಯುತ್ತದೆ.

ನಮ್ಮ ಹೊಸ್ತಿಲಲ್ಲಿ

2025ರ ಆರಂಭದಲ್ಲಿ ನಮ್ಮ ರಾಜ್ಯದ ಹಳ್ಳಿಗಳಿಂದ ಕಿರುಸಾಲದ ವಸೂಲಿಗಾರರ ಕಿರುಕುಳದ ಸುದ್ದಿಗಳು ಒಂದರ ಮೇಲೊಂದು ಬಂದವು, ಆತ್ಮಹತ್ಯೆಗಳೂ ವರದಿಯಾದವು. ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಬಡವರ ಏಳಿಗೆಯ ಮಾತಾಡುತ್ತಲೇ ಬಂದ ಸಾಲ ಬಡವರ ಮನೆಯೊಳಗೆ ನುಗ್ಗಿತ್ತು. ಧರ್ಮೋಪದೇಶಕಾಂಡ ಎಳೆದ ಗೆರೆಯನ್ನು ಸರ್ಕಾರ ಮತ್ತೆ ಎಳೆಯಬೇಕಾಯಿತು.

ಇದೇ ನಾಡಿನಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ, 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಸಹಕಾರ ಸಂಘ ಕಟ್ಟಿ ಸಾಹುಕಾರನ ಸಾಲಕ್ಕೆ ಬೇರೊಂದು ದಾರಿ ತೋರಿದ್ದನ್ನೂ ಮರೆಯಬಾರದು. ಅಲ್ಲಿ ಸಾಲ ಪಡೆಯುವವರೇ ನಿಧಿಯ ಒಡೆಯರು. ಬಡವರಿಗಾಗಿ ಇತರರು ಕಟ್ಟಿದ ಕಾರುಣ್ಯನಿಧಿಗೆ ದೊರೆಯದಿದ್ದ ಕಾವಲು ಅದು.

ಹೃದಯವೇ, ಮಾರುಕಟ್ಟೆಯೇ ಎಂಬ ಪ್ರಶ್ನೆಗೆ ಇತಿಹಾಸ ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಕಾರುಣ್ಯ ತನ್ನ ಲೆಕ್ಕವನ್ನು ಪೂರ್ತಿಯಾಗಿ ಬರೆಯಬೇಕೆಂದು ಮಾತ್ರ ಅದು ಕೇಳುತ್ತದೆ: ಹಣದ ವೆಚ್ಚ ಎಷ್ಟು, ಅದನ್ನು ಹೊರುವವರು ಯಾರು, ನಮ್ಮ ಒಳ್ಳೆಯತನದಿಂದ ನೊಂದವರು ಯಾರು, ಬಾಗಿಲ ಹೊರಗೇ ಉಳಿದವರು ಯಾರು. ನಾಳೆ ಧರ್ಮಕೇಂದ್ರಗಳ ಹೊಣೆ ಹೊರುವ ನೀವು ಬಡತನದ ಕುರಿತು ಪ್ರಬೋಧನೆ ಮಾಡುವ ಮುನ್ನ, ನಿಮ್ಮ ಜನ ಎಲ್ಲಿ, ಯಾವ ದರದಲ್ಲಿ, ಏನನ್ನು ಅಡವಿಟ್ಟು ಸಾಲ ತರುತ್ತಿದ್ದಾರೆಂದು ಮೊದಲು ವಿಚಾರಿಸಿರಿ.