ನಳಿಗೆಯೂ ಮದ್ದಿನ ಮನೆಯೂ

ಆಳಂದ, ಅಫಜಲಪುರ, ಜೇವರ್ಗಿಗಳ ದಾರಿಗಳು ಕಲಬುರಗಿಯಲ್ಲಿ ಬಂದು ಕೂಡುತ್ತವೆ. ಕಚೇರಿಯ ಕೆಲಸಕ್ಕೋ ಶರಣಬಸವೇಶ್ವರರ ಜಾತ್ರೆಗೋ ಬಂದ ಆ ಊರುಗಳ ಜನ ಬಿಡುವಾದರೆ ಕೋಟೆಯನ್ನೂ ನೋಡಿಕೊಂಡು ಹೋಗುವುದುಂಟು. ಅಲ್ಲಿ ಅವರ ಕಣ್ಣು ಮೊದಲು ಹುಡುಕುವುದು ಬಾರಾ ಗಜಿ ತೋಪನ್ನು. ಅದರ ಉದ್ದ ೨೯ ಅಡಿ. ಹನ್ನೆರಡು ಗಜವೆಂದ ಮೇಲೆ ೩೬ ಅಡಿ ಇರಬೇಡವೇ ಎಂದು ಲೆಕ್ಕ ಬಲ್ಲ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದಾರೆ. ಆಗಿನ ಗಜ ಇಂಗ್ಲಿಷರ ಗಜವಲ್ಲ. ಈ ತೋಪಿನ ಮಟ್ಟಿಗೆ ಗಜಕ್ಕೆ ೨೯ ಅಂಗುಲವೆಂದು ಹಿಡಿದರೆ ಲೆಕ್ಕ ಸರಿಹೋಗುತ್ತದೆ.

ಇದು ಜಗತ್ತಿನಲ್ಲೇ ಉದ್ದದ ತೋಪೇ, ಪಂಚಲೋಹದ್ದೇ ಎಂದು ಜನ ವಾದಿಸುತ್ತಾರೆ. ಈ ಎರಡು ಪ್ರಶ್ನೆಗಳಿಗಿಂತ ಮೂರನೆಯದೊಂದು ನನಗೆ ದೊಡ್ಡದಾಗಿ ಕಾಣುತ್ತದೆ: ಇಷ್ಟುದ್ದದ ನಳಿಗೆಯನ್ನು ಕೂಡಿಸಿದುದು ಹೇಗೆ? ಅದರ ಹಿಂಬದಿಯನ್ನು ಮುಚ್ಚಿದುದು ಹೇಗೆ?

ಕಬ್ಬಿಣವನ್ನು ನೀರಾಗಿಸಿ ಅಚ್ಚಿಗೆ ಹೊಯ್ಯುವಷ್ಟು ಕಾವು ನಮ್ಮ ಕುಲುಮೆಗಳಲ್ಲಿ ಹುಟ್ಟುತ್ತಿರಲಿಲ್ಲ. ಆದುದರಿಂದ ದೊಡ್ಡ ತೋಪಿಗೆ ಎರಡೇ ದಾರಿ; ಕಂಚನ್ನು ಎರಕ ಹೊಯ್ಯಬೇಕು, ಇಲ್ಲವೆ ಕಬ್ಬಿಣವನ್ನು ಬಡಿದು ಕೂಡಿಸಬೇಕು. ೧೫೪೯ರಲ್ಲಿ ಅಹಮದನಗರದಲ್ಲಿ ಮಹಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ, ಈಗ ವಿಜಾಪುರದಲ್ಲಿರುವ ಮಲಿಕ್-ಎ-ಮೈದಾನ್ ಮೊದಲನೆಯ ಜಾತಿಯದು. ಅದೇ ಊರಿನ ಉಪ್ಪಲಿ ಬುರುಜಿನ ಮೇಲಿರುವ ೩೦ ಅಡಿ ೮ ಅಂಗುಲದ ತೋಪು ಎರಡನೆಯ ಜಾತಿಯದು. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ಸುತ್ತಲೂ ಜೋಡಿಸಿ, ಕೆಂಪಗೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕಕ್ಕೊಂದು ಏರಿಸಿ ಬಡಿದು ಮಾಡಿದ ತೋಪು ಅದು. ಇಂಗ್ಲಿಷಿನಲ್ಲಿ ಪೀಪಾಯಿಗೂ ಬಂದೂಕದ ನಳಿಗೆಗೂ ಬ್ಯಾರೆಲ್ ಎಂಬ ಒಂದೇ ಹೆಸರಿರುವುದು ಸುಮ್ಮನೆ ಅಲ್ಲ. ನಮ್ಮ ಬಾರಾ ಗಜಿಯೂ ನನ್ನ ಕಣ್ಣಿಗೆ ಈ ಬಡಿದ ಕಬ್ಬಿಣದ ಜಾತಿಯದೇ. ಪಂಚಲೋಹವೆಂಬ ಮಾತು ಭಕ್ತಿಯಿಂದ ಹುಟ್ಟಿದ್ದು.

ಈ ವಿದ್ಯೆಯನ್ನು ತಿಳಿಯಲು ನಾನು ಪುಸ್ತಕ ತೆರೆಯಬೇಕಾಗಿರಲಿಲ್ಲ. ಜೇವರ್ಗಿ ಕಡೆಯ ಎರೆಭೂಮಿಯ ಹಳ್ಳಿಗಳಲ್ಲಿ ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವುದನ್ನು ನೋಡಿಯೇ ಬೆಳೆದವರು ನಾವು. ಹಳಿಯ ಒಳಸುತ್ತು ಗಾಲಿಯ ಸುತ್ತಿಗಿಂತ ತುಸುವೇ ಕಡಿಮೆ ಇರಬೇಕು. ಕುಳ್ಳಿನ ಬೆಂಕಿಯಲ್ಲಿ ಅದು ಕೆಂಪಗಾಗಿ ಹಿಗ್ಗಿದಾಗ ನಾಲ್ವರು ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಇಳಿಸಿ, ಬಡಿದು, ನೀರು ಸುರಿಯುತ್ತಿದ್ದರು. ಹೊಗೆ ಏಳುತ್ತಿತ್ತು, ಕಟ್ಟಿಗೆ ಕಿರ್ರೆಂದು ನರಳಿ ಸಂದುಗಳೆಲ್ಲ ಬಿಗಿಯುತ್ತಿದ್ದವು. ಹಳಿ ಅಳತೆಗಿಂತ ಸಡಿಲಾದರೆ ಬೇಸಿಗೆಯಲ್ಲಿ ಕಳಚಿ ಬೀಳುವುದು, ಬಿಗಿಯಾದರೆ ಗಾಲಿಯೇ ಹಿಂಡಿಹೋಗುವುದು. ಕಮ್ಮಾರನ ಕೂಲಿ ಬೆಂಕಿಗೂ ಅಲ್ಲ, ಸುತ್ತಿಗೆಗೂ ಅಲ್ಲ, ಆ ತುಸುವನ್ನು ಅರಿತುದಕ್ಕೆ.

ತೋಪಿನಲ್ಲಿ ಆ ತುಸು ತಪ್ಪಿದರೆ ಸಾಯುವವನು ಬತ್ತಿ ಹಿಡಿದ ಗೋಲಂದಾಜ. ಸ್ಕಾಟ್ಲೆಂಡಿನ ಎಡಿನ್‌ಬರೊ ಕೋಟೆಯಲ್ಲಿ ಇದೇ ರೀತಿ ಕಟ್ಟಿದ, ೧೪೪೯ರ ಮಾನ್ಸ್ ಮೆಗ್ ಎಂಬ ತೋಪಿದೆ. ೧೬೮೧ರಲ್ಲಿ ರಾಜಕುಮಾರನ ಹುಟ್ಟುಹಬ್ಬದ ಗೌರವಕ್ಕೆ ಹಾರಿಸಿದಾಗ ಅದರ ಬಳೆಗಳು ಹರಿದವು. ಒಳಗಿನ ಪಟ್ಟಿಗಳು ಈಗಲೂ ಅಲ್ಲಿ ಬಯಲಾಗಿ ಕಾಣುತ್ತವೆ.

ಹಿಂಬದಿಯ ಕಥೆ ಇನ್ನೂ ಸೊಗಸು. ಗುಂಡು ಕೂರುವ ನಳಿಗೆ ಅಗಲ. ಮದ್ದು ತುಂಬುವ ಮನೆ ಕಿರಿದು, ಗೋಡೆ ದಪ್ಪ. ೧೫೨೬ರಲ್ಲಿ ಆಗ್ರಾದಲ್ಲಿ ಉಸ್ತಾದ್ ಅಲಿ ಕುಲಿ ಬಾಬರನಿಗಾಗಿ ದೊಡ್ಡ ತೋಪೊಂದನ್ನು ಹೊಯ್ಯಲು ಅಚ್ಚಿನ ಸುತ್ತ ಎಂಟು ಕುಲುಮೆ ಹೂಡಿದ. ಅಚ್ಚು ತುಂಬುವ ಮೊದಲೇ ಲೋಹದ ಹರಿವು ಒಂದೊಂದಾಗಿ ನಿಂತಿತು. ಉಸ್ತಾದನು ನಾಚಿಕೆಯಿಂದ ಕಾದ ಲೋಹಕ್ಕೇ ಹಾರಲು ಹೊರಟಿದ್ದನೆಂದು ಬಾಬರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬಾಬರ್ ಅವನಿಗೆ ಸಮಾಧಾನ ಹೇಳಿ ಉಡುಗೊರೆ ಹೊದಿಸಿದ. ಒಂದೆರಡು ದಿನಗಳ ಮೇಲೆ ಅಚ್ಚು ಬಿಚ್ಚಿದರೆ ಗುಂಡಿನ ಮನೆ ನಿರ್ದೋಷವಾಗಿತ್ತು! ಮದ್ದಿನ ಮನೆಯನ್ನು ಬೇರೆಯಾಗಿ ಹೊಯ್ದು ಕೂಡಿಸಿದರು. ಮರುವರ್ಷ ಹಾರಿಸಿದಾಗ ಕಲ್ಲು ೧೬೦೦ ಹೆಜ್ಜೆ ದೂರ ಹೋಯಿತು. ಬೇರೆ ಹಿಂಬದಿಯನ್ನು ಸಿದ್ಧ ನಳಿಗೆಗೆ ಕೂಡಿಸಿ ಗೆದ್ದ ಕಥೆಗಳಲ್ಲಿ ಇದಕ್ಕಿಂತ ರಸವತ್ತಾದುದನ್ನು ನಾನು ಓದಿಲ್ಲ.

ನಾವು ದಿನವೂ ಆಡುವ 'ಫಿರಂಗಿ' ಎಂಬ ಮಾತಿನಲ್ಲಿಯೂ ಈ ಕೂಡಿಕೆ ಅಡಗಿದೆ. ಫಿರಂಗಿಗಳೆಂದರೆ ಮೊದಲು ಯುರೋಪಿನ ಜನ; ೧೫೧೦ರಲ್ಲಿ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡ ಪೋರ್ಚುಗೀಸರು ಅವರ ಪೈಕಿ. ಅವರ ಹಗುರ ತೋಪಿನ ಹಿಂಬದಿ ತೆರೆದಿರುತ್ತಿತ್ತು. ಚೊಂಬಿನಾಕಾರದ ಮದ್ದಿನ ಮನೆಯನ್ನು ಅಲ್ಲಿಟ್ಟು ಬೆಣೆ ಹೊಡೆಯುತ್ತಿದ್ದರು. ಇಂಥ ಹಲವನ್ನು ಮೊದಲೇ ತುಂಬಿಟ್ಟುಕೊಂಡರೆ ಬೇಗಬೇಗ ಹಾರಿಸಬಹುದು. ಆದರೆ ಅವೆಲ್ಲವೂ ಒಂದೇ ನಳಿಗೆಯ ಬಾಯಿಗೆ ಸರಿಯಾಗಿ ಕೂರಬೇಕಷ್ಟೆ! ಕೂದಲೆಳೆಯ ಸಂದು ಉಳಿದರೂ ಬೆಂಕಿ ಹಿಂದಕ್ಕೆ ಸೋರಿ ಗುಂಡಿನ ಬಲ ಕುಂದುತ್ತಿತ್ತು. ಕನ್ನಡದಲ್ಲಿ ಈಗ ಸಣ್ಣದು ದೊಡ್ಡದೆನ್ನದೆ ಎಲ್ಲ ತೋಪೂ ಫಿರಂಗಿಯೇ.

ಯಂತ್ರಯುಗ ಇದನ್ನೆಲ್ಲ ಅಳಿಸಿಹಾಕಿತೆಂದು ತಿಳಿಯಬಾರದು. ೧೯೧೧ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಬ್ರೌನಿಂಗನ ಪಿಸ್ತೂಲಿನಲ್ಲಿ ಯಾವ ನಳಿಗೆಯಾದರೂ ಕೂರಲೆಂದು, ಕೆಸರು ಹೊಕ್ಕರೂ ನಡೆಯಲೆಂದು ಭಾಗಗಳಿಗೆ ತುಸು ಸಡಿಲು ಬಿಟ್ಟಿದ್ದರು. ಯುದ್ಧಕ್ಕೆ ಅದು ಗುಣ. ಗುರಿಯ ಸ್ಪರ್ಧೆಗೆ ಅದೇ ದೋಷ. ಪ್ರತಿ ಹೊಡೆತಕ್ಕೂ ನಳಿಗೆ ಹಿಂದಿನ ಜಾಗಕ್ಕೆ ಕೂದಲಷ್ಟೂ ತಪ್ಪದೆ ಮರಳಬೇಕು. ಆದುದರಿಂದ ಗುರಿಕಾರರು ಬೇರೆ ನಳಿಗೆ ಕೊಳ್ಳುತ್ತಾರೆ. ತಯಾರಿಸಿದವರು ಬೇಕೆಂದೇ ಅದರಲ್ಲಿ ಹೆಚ್ಚು ಲೋಹ ಬಿಟ್ಟಿರುತ್ತಾರೆ. ಬಂದೂಕು ಕೆಲಸದ ಕುಶಲನು ಅರದಿಂದ ಉಜ್ಜಿ ಉಜ್ಜಿ ಕೂರಿಸಬೇಕು. ಬೆನ್ನಿನ ಮೇಲಿನ ಏಣುಗಳು ಸಮನಾಗಿ ಭಾರ ಹೊರಬೇಕು. ಹಿಂದೆ ಸಂದು ಹೆಚ್ಚಾದರೆ ತೋಟೆಯ ಹಿತ್ತಾಳೆ ಹರಿಯುವುದು, ಕಡಿಮೆಯಾದರೆ ಪಿಸ್ತೂಲು ಮುಚ್ಚದು. ಒಮ್ಮೆ ಉಜ್ಜಿದ ಲೋಹ ಮರಳಿ ಬಾರದು. ನಮ್ಮಲ್ಲಂತೂ ೧೯೫೯ರ ಶಸ್ತ್ರ ಕಾಯಿದೆಯ ಪ್ರಕಾರ ಬಂದೂಕು ರಿಪೇರಿಯ ಅಂಗಡಿಗೆ ಪರವಾನಗಿ ಬೇಕು. ಅಂಥ ಕೈಗಳೂ ಕಡಿಮೆ.

ಉಪ್ಪಲಿ ಬುರುಜನ್ನು ೧೫೮೪ರಲ್ಲಿ ಕಟ್ಟಿಸಿದ ಹೈದರ್ ಖಾನನ ಹೆಸರು ಅಲ್ಲಿನ ಶಾಸನದಲ್ಲಿದೆ. ಮಲಿಕ್-ಎ-ಮೈದಾನ್ ಮೇಲೆ ಎರಕದವನ ಹೆಸರಿದೆ. ಕಲಬುರಗಿ ಕೋಟೆಗೆ ಹೋದವರು ಬಾರಾ ಗಜಿಯ ಉದ್ದವನ್ನು ಹೆಜ್ಜೆಯಿಂದ ಅಳೆದ ಮೇಲೆ ಬೆಳಗಿನ ಓರೆ ಬಿಸಿಲಿನಲ್ಲಿ ಅದರ ಮೈಯನ್ನೊಮ್ಮೆ ಪಕ್ಕದಿಂದ ನೋಡಿರಿ. ಬಳೆಗೂ ಬಳೆಗೂ ನಡುವಿನ ಗೆರೆಗಳನ್ನು ಹುಡುಕಿರಿ. ಗಾಲಿಗೆ ಹಳಿ ಏರಿಸಿ ಬಲ್ಲ ಹಿರಿಯರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.