ಕಿತ್ತೂರಿನ ಬಾಲಕಿಯರ ಮೈದಾನ

ಕಿತ್ತೂರೆಂದೊಡನೆ ತಮಗೆ ನೆನಪಾಗುವುದು 1824ರ ಅಕ್ಟೋಬರ್ 23, ಥ್ಯಾಕರೆ ಮಡಿದ ದಿನ. ಅದೇ ಊರಿನ ಒಂದು ಶಾಲೆಯ ಮೈದಾನದ ಕಥೆಯನ್ನೂ ತಾವು ಅರಿಯಬೇಕು. 1961ರಲ್ಲಿ ದೇಶದಲ್ಲಿ ಸೈನಿಕ ಶಾಲೆಗಳು ತೆರೆದವು. 1963ರಲ್ಲಿ ವಿಜಾಪುರಕ್ಕೂ ಒಂದು ಬಂದಿತು. ಅವೆಲ್ಲ ಗಂಡುಮಕ್ಕಳಿಗೆ ಮೀಸಲು. ಬಾಲಕಿಯರಿಗಾಗಿ ರಾಣಿ ಚನ್ನಮ್ಮನ ಹೆಸರಿನ ವಸತಿಶಾಲೆ ಕಿತ್ತೂರಿನಲ್ಲಿ ಆರಂಭವಾದದ್ದು 1969ರಲ್ಲಿ. ಇಲ್ಲಿ ಮೈದಾನವೆಂಬುದು ಪಾಠ ಮುಗಿದ ಮೇಲಿನ ವಿನೋದಸ್ಥಳವಲ್ಲ. ಕವಾಯತು, ಕುದುರೆ ಸವಾರಿ, ಬಂದೂಕಿನ ಗುರಿ ಇವೂ ಪಾಠಗಳೇ. ಮೈನೆರೆದ ಮಗಳನ್ನು ಶಾಲೆ ಬಿಡಿಸುವುದು (ನಮ್ಮ ಸೀಮೆಗೆ ಇದೇನೂ ಹೊಸದಲ್ಲ) ವಾಡಿಕೆಯಾಗಿದ್ದ ಕಾಲದಲ್ಲಿ ಆಕೆಯನ್ನು ಕುದುರೆ ಏರಿಸಿದ ಧೈರ್ಯ ಸಣ್ಣದೇ? ದೇಶದ ಸೈನಿಕ ಶಾಲೆಗಳೆಲ್ಲವೂ ಬಾಲಕಿಯರಿಗೆ ಬಾಗಿಲು ತೆರೆದದ್ದು 2021-22ರಲ್ಲಿ. ಅಷ್ಟರಲ್ಲಿ ಕಿತ್ತೂರಿನ ಶಾಲೆಗೆ ಐವತ್ತು ವರುಷ ತುಂಬಿದ್ದವು.